ಡಾಕ್ ಹಾಕಿದರೆ ಲ್ಯಾಪ್‌ಟಾಪ್ ಜುಮ್ ಅನ್ನುತ್ತದೆ: ಗ್ರೂಪಿನ ಪ್ರಶ್ನೆಗಳು, ರಾಯಚೂರಿನ ರಿಪೇರಿ ಮೇಡಂ ಉತ್ತರಗಳು

ಗಂಗಾವತಿ: ಮೇಡಂ, ಹೊಸ ಡಾಕ್ ತಂದೆ, ಒಂದೇ ಟೈಪ್-ಸಿ ವೈರಿನಲ್ಲಿ ಮಾನಿಟರ್, ಮೌಸ್, ಚಾರ್ಜಿಂಗ್ ಎಲ್ಲಾ ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ. ಮೌಸ್, ಪೆನ್‌ಡ್ರೈವ್ ಕೆಲಸ ಮಾಡುತ್ತವೆ. ಮಾನಿಟರ್ ಮಾತ್ರ ಬರಲ್ಲ. ಡಾಕ್ ಕೆಟ್ಟಿದೆಯಾ?

ಮೇಡಂ: ಕೆಟ್ಟಿರಲಿಕ್ಕಿಲ್ಲ. ಟೈಪ್-ಸಿ ಪೋರ್ಟ್ ಎಲ್ಲಾ ನೋಡೋಕೆ ಒಂದೇ ಥರ. ಕೆಲವಕ್ಕೆ ವಿಡಿಯೋ ಇರುವುದಿಲ್ಲ. ಕಂಪನಿ ಸೈಟಿನಲ್ಲಿ ನಿಮ್ಮ ಮಾಡೆಲ್‌ನ ಟೈಪ್-ಸಿಗೆ ಡಿಸ್‌ಪ್ಲೇಪೋರ್ಟ್, ಅಂದರೆ ವಿಡಿಯೋ ಬರುತ್ತದೆ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಮಾಮೂಲಿ ಯುಎಸ್‌ಬಿ ಮೂಲಕವೇ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ ಬೇಕು, ಅದಕ್ಕೆ ಡ್ರೈವರ್ ಸಾಫ್ಟ್‌ವೇರ್ ಹಾಕಬೇಕು.

ಕುಷ್ಟಗಿ: ನನ್ನ ಲ್ಯಾಪ್‌ಟಾಪಿಗೂ ಡಾಕ್ ಹೊಂದುತ್ತಾ ಮೇಡಂ?

ಮೇಡಂ: ಮಾಡೆಲ್ ನಂಬರ್ ಹಾಕಿ.

ಸಿಂಧನೂರು: ಅಕ್ಕಿ ಗಿರಣಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಡಾಕ್ ಹಾಕಿದ ಮೇಲೆ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಡಾಕ್, ಮಾನಿಟರ್, ಪ್ರಿಂಟರ್ ಎಲ್ಲಾ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿವೆ.

ಮೇಡಂ: ಇದನ್ನು ಹಗುರವಾಗಿ ತಗೋಬೇಡಿ. ಅಡಾಪ್ಟರ್ ಒಳಗಿನ ಒಂದು ಸಣ್ಣ ಕೆಪಾಸಿಟರ್ ಮೂಲಕ ಚೂರು ಕರೆಂಟ್ ಸೋರುತ್ತಲೇ ಇರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಕೈಗೆ ಬರುತ್ತದೆ. ಎಚ್‌ಡಿಎಂಐ, ಟೈಪ್-ಸಿ ಕೇಬಲುಗಳ ಲೋಹದ ಕವಚ ಡಾಕ್, ಮಾನಿಟರ್, ಲ್ಯಾಪ್‌ಟಾಪ್ ಮೂರನ್ನೂ ಜೋಡಿಸುತ್ತದೆ, ಅದಕ್ಕೇ ಡಾಕ್ ಬಂದ ಮೇಲೆ ಜಾಸ್ತಿ ಆಗಿದೆ. ಅಡಾಪ್ಟರೇ ಕೆಟ್ಟಿದ್ದರೂ ಮೊದಲು ಹೀಗೇ ಜುಮ್ ಅನ್ನಬಹುದು, ಕೈಗೆ ವ್ಯತ್ಯಾಸ ಗೊತ್ತಾಗಲ್ಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬಾಕ್ಸಿನ ವೈರ್ ನೋಡಿ. ಒಳಗೆ ಎರಡೇ ತಂತಿ ಇದ್ದರೆ ಮೂರನೇ ತೂತು ಸುಮ್ನೆ ಶೋಗೆ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಗೋಡೆಯ ಸಾಕೆಟ್ ಅಳೆಸಿ. ಫೇಸ್-ನ್ಯೂಟ್ರಲ್ 230 ವೋಲ್ಟ್ ಹತ್ತಿರ ಇದ್ದರೆ ಫೇಸ್-ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ ಇರಬೇಕು.

ಮಾನ್ವಿ: ಇದಕ್ಕೆ ಸುಲಭ ಉಪಾಯ ಫಾರ್ವರ್ಡ್ ಬಂದಿದೆ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್‌ಗೆ ಒಂದು ತುಂಡು ವೈರ್ ಹಾಕಿ. ತಕ್ಷಣ ನಿಲ್ಲುತ್ತದೆ!

ಮೇಡಂ: ದಯವಿಟ್ಟು ಅಳಿಸಿ. ನ್ಯೂಟ್ರಲ್ ಎಲ್ಲಾದರೂ ಕಿತ್ತರೆ ಮಾನಿಟರ್, ಪ್ರಿಂಟರ್ ಮೈಗೆ ನೇರ 230 ವೋಲ್ಟ್ ಬರುತ್ತದೆ. ಮುಟ್ಟಿದವರು ಉಳಿಯಲ್ಲ.

ಮಾನ್ವಿ: ನಮ್ಮ ಮನೇಲಿ ಹಾಗೇ ಇದೆ, ಏನೂ ಆಗಿಲ್ಲ.

ಮೇಡಂ: ಇವತ್ತೇ ತೆಗೆಸಿ.

ಸಿರಗುಪ್ಪ: 100 ವಾಟ್ ಡಾಕ್ ಹಾಕಿದರೆ 65 ವಾಟಿನ ಲ್ಯಾಪ್‌ಟಾಪ್ ಸುಟ್ಟುಹೋಗುತ್ತೆ, ಎಲ್ಲರೂ ಹುಷಾರು.

ಬಳ್ಳಾರಿ: ಯಾರು ಹೇಳಿದ್ರು ಅಣ್ಣ? ಲ್ಯಾಪ್‌ಟಾಪ್ ಕೇಳಿದಷ್ಟೇ ಡಾಕ್ ಕೊಡುತ್ತದೆ.

ಸಿರಗುಪ್ಪ: ನಿಮ್ಮದು ಅಂಗಡಿ, ಮಾರೋಕೆ ಹೇಳ್ತೀರಿ.

ಬಳ್ಳಾರಿ: ಅಂಗಡಿ ಇದ್ದರೆ ಸುಳ್ಳು ಹೇಳಬೇಕಾ? ಮಾತು ನೋಡಿಕೊಂಡು ಆಡ್ರಿ.

ಲಿಂಗಸುಗೂರು: ಮೇಡಂ, ಎಂ1 ಮ್ಯಾಕ್‌ಬುಕ್ ಏರ್‌ಗೆ ಎರಡು ಮಾನಿಟರ್ ಹಾಕಬಹುದಾ?

ಸಿರಗುಪ್ಪ: ಹೋದ ವರ್ಷ ಇವರ ಅಂಗಡಿಯಲ್ಲೇ ತಂದ ಕೇಬಲ್ ಕೈಕೊಟ್ಟಿತ್ತು, ಅದನ್ನೂ ಹೇಳಲಿ.

ಮೇಡಂ: ಬಳ್ಳಾರಿಯವರು ಹೇಳಿದ್ದು ಸರಿ. 60 ವಾಟ್ ದಾಟಿದರೆ ಮಾತ್ರ 5 ಆಂಪ್ ಕೇಬಲ್ ಬೇಕು. ಜಗಳ ಬೇರೆ ಕಡೆ ಮಾಡಿ.

ಕುಷ್ಟಗಿ: ನನಗೆ ಉತ್ತರ ಬಂದಿಲ್ಲ ಮೇಡಂ. ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್.

ಮೇಡಂ: ನಂಬರ್. ತಿರುಗಿಸಿ ಕೆಳಗೆ ಓದಿ.

ಸಿಂಧನೂರು: ಬಾಕ್ಸಿನಲ್ಲಿ ಎರಡೇ ತಂತಿ ಇವೆ. ಗೋಡೆಯಲ್ಲಿ ಫೇಸ್-ಅರ್ಥ್ 70 ತೋರಿಸಿತು. ಸಾಹುಕಾರರು ಸುಗ್ಗಿ ಮುಗಿಯಲಿ ಅಂತಾರೆ.

ಮೇಡಂ: ಆ ಸಾಕೆಟಿಗೆ ಅರ್ಥಿಂಗ್ ಇಲ್ಲ. ಗಿರಣಿಯ ಮೋಟರ್‌ಗಳಿಗೂ ಅದೇ ಗತಿಯಾ ಅಂತ ಇವತ್ತೇ ನೋಡಿಸಿ, ಅಲ್ಲಿ ಹಮಾಲರು ಬರಿಗಾಲಲ್ಲಿ ಓಡಾಡುತ್ತಾರೆ. ಸಾಹುಕಾರರ ನಂಬರ್ ಖಾಸಗಿಯಾಗಿ ಕಳಿಸಿ, ನಾನೇ ಮಾತಾಡುತ್ತೇನೆ.