ಲ್ಯಾಬ್ ಸರ್ವರ್ ಆಫ್ ಮಾಡುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಾಲೇಜ್ ಲ್ಯಾಬಿನಲ್ಲಿ ಒಂದು ಉಬುಂಟು (ಲಿನಕ್ಸ್) ಸರ್ವರ್ ಇದೆ. 40 ಮಕ್ಕಳು ಅದಕ್ಕೇ ಲಾಗಿನ್ ಆಗಿ ಪ್ರೋಗ್ರಾಂ ಬರೆಯುತ್ತಾರೆ. ಸಂಜೆ ಬೀಗ ಹಾಕುವಾಗ ಅಟೆಂಡರ್ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಾರೆ. ಹೋದ ವಾರ ಆನ್ ಮಾಡಿದರೆ ಕಪ್ಪು ಸ್ಕ್ರೀನ್ ಮೇಲೆ ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣೆ) ಮಾಡಿ ಅಂತ ಬಂದು ನಿಂತುಬಿಟ್ಟಿತು. ಇಬ್ಬರು ಮಕ್ಕಳ ಫೈಲ್ ಖಾಲಿಯಾಗಿದೆ. ಏನು ಮಾಡಬೇಕು?

ಉತ್ತರ: ಮೇಡಂ, ದಯವಿಟ್ಟು ಇವತ್ತಿನಿಂದಲೇ ಆ ಬಟನ್ ಒತ್ತಿ ಹಿಡಿಯುವುದನ್ನು ನಿಲ್ಲಿಸಿ. ಸೇವ್ ಮಾಡಿದ ಫೈಲ್ ಎಲ್ಲ ಸಲವೂ ತಕ್ಷಣ ಡಿಸ್ಕಿಗೆ ಹೋಗುವುದಿಲ್ಲ. ಸುಮಾರು 30 ಸೆಕೆಂಡ್ ರ‍್ಯಾಮ್‌ನಲ್ಲೇ ಇರಬಹುದು. ಅಷ್ಟರಲ್ಲಿ ಪವರ್ ಹೋದರೆ ಫೈಲಿನ ಹೆಸರು ಇರುತ್ತದೆ, ಒಳಗೆ ಸೊನ್ನೆ ಬೈಟ್. ಆ ಮಕ್ಕಳಿಗೆ ಆಗಿರುವುದು ಬಹುಶಃ ಇದೇ.

ಆಫ್ ಮಾಡುವ ಮೊದಲು ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಡಬ್ಲ್ಯು’ ಅಂತ ಇಂಗ್ಲಿಷಿನ ಒಂದೇ ಸಣ್ಣ ಅಕ್ಷರ ಹೊಡೆದು ಎಂಟರ್ ಒತ್ತಿ. ಯಾರು ಲಾಗಿನ್ ಆಗಿದ್ದಾರೆ, ಏನು ಮಾಡುತ್ತಿದ್ದಾರೆ, ಎಷ್ಟು ಹೊತ್ತಿನಿಂದ ಕೀಬೋರ್ಡ್ ಮುಟ್ಟಿಲ್ಲ, ಎಲ್ಲ ಕಾಣುತ್ತದೆ. ಆಮೇಲೆ ‘ಸುಡೋ ಶಟ್‌ಡೌನ್ +15’ (ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಕೊಡುವುದು), ಅದರ ಮುಂದೆ ಕೋಟ್ ಒಳಗೆ ಒಂದು ಸಾಲಿನ ಸೂಚನೆ. 15 ನಿಮಿಷದ ಗಡುವು ಶುರುವಾಗುತ್ತದೆ. ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಿಗೆ ಟೈಪ್ ಮಾಡುತ್ತಿರುವ ಸಾಲಿನ ಮೇಲೇ ಆ ಸೂಚನೆ ಬಂದು ಬೀಳುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಇರುವವರಿಗೆ ಕಾಣದೆಯೂ ಹೋಗಬಹುದು, ಅದಕ್ಕೇ ಬಾಯಲ್ಲೂ ಹೇಳಿ. ಕೊನೆಯ 5 ನಿಮಿಷ ಹೊಸಬರ ಲಾಗಿನ್ ತಾನಾಗಿಯೇ ಬಂದ್ ಆಗುತ್ತದೆ. ಮನಸ್ಸು ಬದಲಾದರೆ ‘ಸುಡೋ ಶಟ್‌ಡೌನ್ -ಸಿ’ ಕೊಡಿ, ರದ್ದಾಗುತ್ತದೆ.

ಇನ್ನೊಂದು ಮಾತು. ‘ಡಬ್ಲ್ಯು’ ಪಟ್ಟಿಯಲ್ಲಿ ಯಾರೂ ಇಲ್ಲ ಅಂದರೆ ಕೆಲಸ ನಡೆಯುತ್ತಿಲ್ಲ ಅಂತಲ್ಲ. ಹಿಂದೆ ನಾನಿದ್ದ ಕಡೆ ಹಾಗೆ ನೋಡಿಯೇ ಸರ್ವರ್ ಆಫ್ ಮಾಡಿದೆ. ಒಬ್ಬರು ‘ನೋಹಪ್’ (ಲಾಗ್‌ಔಟ್ ಆದರೂ ಕೆಲಸ ಓಡುತ್ತಲೇ ಇರುವಂತೆ ಮಾಡುವ ಕಮಾಂಡ್) ಹಾಕಿ ಲಾಗ್‌ಔಟ್ ಆಗಿ ಮನೆಗೆ ಹೋಗಿದ್ದರು. ಎರಡು ದಿನದಿಂದ ಓಡುತ್ತಿದ್ದ ಲೆಕ್ಕ ಅಷ್ಟೂ ಹಾಳಾಯಿತು. ಬೆಳಿಗ್ಗೆ ಅವರಿಗೆ ಮುಖ ತೋರಿಸಲು ಆಗಲಿಲ್ಲ. ಈಗ ‘ಟಾಪ್’ (ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಕಮಾಂಡ್) ನೋಡದೆ ನಾನು ಯಾವ ಸರ್ವರನ್ನೂ ಆಫ್ ಮಾಡುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನಮ್ಮಲ್ಲಿ ಶಟ್‌ಡೌನ್ ಕೊಟ್ಟರೂ ‘ಸ್ಟಾಪ್ ಜಾಬ್ ರನ್ನಿಂಗ್’ ಅಂತ ಕೂತುಬಿಡುತ್ತೆ. ಆಗ ಬಟನ್ ಒತ್ತಬಹುದಾ?

ಉತ್ತರ: ಬೇಡ, ಕಾಯಿರಿ. ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು, ಶುರುಮಾಡುವ, ನಿಲ್ಲಿಸುವ ವ್ಯವಸ್ಥೆ) ಪ್ರತಿ ಸರ್ವಿಸ್‌ಗೂ ಮೊದಲು ‘ಮುಗಿಸಿಕೊ’ ಅಂತ ಸಿಗ್ನಲ್ ಕಳಿಸುತ್ತದೆ. ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಆಮೇಲೆ ಬಲವಂತವಾಗಿ ನಿಲ್ಲಿಸುತ್ತದೆ. ಡೇಟಾಬೇಸ್ ತನ್ನ ಬರಹ ಮುಗಿಸಿಕೊಳ್ಳುವುದು ಆ ಹೊತ್ತಿನಲ್ಲೇ.

ಪ್ರಶ್ನೆ: ಧನ್ಯವಾದ ಸರ್. ಕರೆಂಟ್ ಹೋದರೆ ಯುಪಿಎಸ್ 20 ನಿಮಿಷ ಅಷ್ಟೇ ಬರುತ್ತೆ. ಮತ್ತೆ ಅಟೆಂಡರ್‌ಗೆ ರೂಟ್ (ಪೂರ್ತಿ ಅಧಿಕಾರವಿರುವ ಅಡ್ಮಿನ್) ಪಾಸ್‌ವರ್ಡ್ ಕೊಡಬೇಕಾ?

ಉತ್ತರ: ಪಾಸ್‌ವರ್ಡ್ ಖಂಡಿತ ಬೇಡ. ಅವರಿಗೊಂದು ಲಾಗಿನ್ ಮಾಡಿ, ಸುಡೋದಲ್ಲಿ ಶಟ್‌ಡೌನ್ ಒಂದಕ್ಕೆ ಮಾತ್ರ ಅನುಮತಿ ಕೊಡಿ. ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದ್ದರೆ ಸರ್ವರ್‌ಗೆ ಜೋಡಿಸಿ ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಅನ್ನುವ ಸಾಫ್ಟ್‌ವೇರ್ ಹಾಕಿ, ಉಚಿತ. ನಿಮ್ಮ ಮಾಡೆಲ್‌ಗೆ ಅದು ಹೊಂದುತ್ತಾ ಅಂತ ಮೊದಲು ನೋಡಿಕೊಳ್ಳಿ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ಶಟ್‌ಡೌನ್ ಆಗುತ್ತದೆ. ಅಟೆಂಡರ್‌ಗೆ ಒಂದು ಸಲ ಪಕ್ಕದಲ್ಲಿ ನಿಂತು ತೋರಿಸಿ: ಸ್ಕ್ರೀನ್ ಕಪ್ಪಾದರೆ ಸಾಲದು, ಫ್ಯಾನ್ ಸದ್ದು ನಿಂತು ಲೈಟ್ ಆರಿದ ಮೇಲೇ ಮೇನ್ ಸ್ವಿಚ್.