ಹಾಸ್ಯನಟ ಹೀರೋ ಆದರೆ ಮಾತ್ರ ಬೆಳೆದ ಹಾಗಾ?

ಕಂಪನಿ ಹಾಸ್ಯಗಾರ
22 ವರ್ಷದಿಂದ ನಗಿಸುವುದೇ ನನ್ನ ಹೊಟ್ಟೆಪಾಡು. ಮೊದಲ 9 ವರ್ಷ ನಾಟಕ ಕಂಪನಿ. ಆಮೇಲೆ ಗಣೇಶನ ಪೆಂಡಾಲ್, ರಾಜ್ಯೋತ್ಸವ, ಟಿವಿಯಲ್ಲಿ ಒಂದು ಕಾಮಿಡಿ ಶೋ, ನಾಲ್ಕೈದು ಸಿನಿಮಾಗಳಲ್ಲಿ ಸಣ್ಣ ಪಾತ್ರ. ಮೊನ್ನೆ ಸೋದರಮಾವ ಕೇಳಿದರು: "ಇಷ್ಟು ವರ್ಷ ಆಯ್ತು, ಒಂದು ಸಿನಿಮಾದಲ್ಲಾದರೂ ಹೀರೋ ಆಗಲಿಲ್ವಲ್ಲೋ?" ಪ್ರೀತಿಯಿಂದಲೇ ಕೇಳಿದರು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ. ಒಂದು ದೊಡ್ಡ ದೃಶ್ಯ ಮುಗಿದ ಕೂಡಲೇ ಮುಂದಿನ ಪರದೆ ಬೀಳುತ್ತದೆ. ಅದರ ಮುಂದೆ ಉಳಿಯುವ ಮೂರಡಿ ಜಾಗದಲ್ಲಿ ನಮ್ಮ ಹಾಸ್ಯ. ಹಿಂದೆ ಅರಮನೆ ಹೋಗಿ ಗುಡಿಸಲು ಬರಬೇಕು. ಹಲಗೆ ಎಳೆಯುವ ಸದ್ದು, ಮೊಳೆ ಹೊಡೆಯುವ ಸದ್ದು ನನ್ನ ಬೆನ್ನಿಗೇ ಕೇಳುತ್ತಿರುತ್ತದೆ. ಆ ಸದ್ದು ಜನರ ಕಿವಿಗೆ ಬೀಳಬಾರದು. ಸೆಟ್ ತಡವಾದರೆ ನಾನು ಮಾತು ಬೆಳೆಸಬೇಕು. ಒಳಗಿನಿಂದ ಪರದೆಯನ್ನು ಎರಡು ಸಲ ಜಗ್ಗಿದರೆ ಮುಗಿಸಬೇಕು, ಅದೂ ನಗುವಿನ ಮೇಲೆಯೇ ಮುಗಿಸಬೇಕು. ಇದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು.

ನನ್ನ ಪ್ರಶ್ನೆ ಇಷ್ಟೇ. ಹಾಸ್ಯನಟ ಹೀರೋ ಆದರೆ "ಬೆಳೆದ" ಅನ್ನುತ್ತೇವೆ. ಹಾಸ್ಯನಟನಾಗಿಯೇ ಉಳಿದರೆ ಅಲ್ಲೇ ನಿಂತ ಅಂತ ಯಾಕೆ ಅಂದುಕೊಳ್ಳುತ್ತೇವೆ?

ಕಲ್ಪತರು ನಾಡಿನವ
ಅಣ್ಣಾ, ನಾನು ತಿಪಟೂರಿನವನು. ನಮ್ಮೂರಿನ ನರಸಿಂಹರಾಜು ಅವರೇ ಇದಕ್ಕೆ ಉತ್ತರ. 1923ರಲ್ಲಿ ಹುಟ್ಟಿದವರು, ಚಿಕ್ಕ ವಯಸ್ಸಿನಿಂದಲೇ ನಾಟಕ ಕಂಪನಿಗಳಲ್ಲಿ ಬೆಳೆದವರು. 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಮೊದಲ ಸಲ ನಾಯಕರಾದರು. ಅದೇ ಸಿನಿಮಾದಿಂದಲೇ ನರಸಿಂಹರಾಜು ಅವರೂ ತೆರೆಗೆ ಬಂದರು. ಆಮೇಲೆ ಎಷ್ಟೋ ವರ್ಷ ಅವರಿಲ್ಲದ ಕನ್ನಡ ಸಿನಿಮಾ ಸಿಗುವುದೇ ಕಷ್ಟ ಅನ್ನುವ ಹಾಗಿತ್ತು. ನಿರ್ಮಾಪಕರು ಮೊದಲು ಅವರ ಕಾಲ್‌ಶೀಟ್ ಹಿಡಿದುಕೊಂಡು ಆಮೇಲೆ ಉಳಿದವರ ಹತ್ತಿರ ಹೋಗುತ್ತಿದ್ದರು ಅಂತ ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ. ಟೆಂಟ್‌ನಲ್ಲಿ ಸಿನಿಮಾ ನೋಡಿದವರನ್ನು ಕೇಳಿ. ತೆರೆಯ ಮೇಲೆ ಆ ಉಬ್ಬುಹಲ್ಲು ಕಂಡ ಕೂಡಲೇ ಶಿಳ್ಳೆ ಬೀಳುತ್ತಿತ್ತು.

ಬಾಲಕೃಷ್ಣ ಅವರನ್ನೂ ನೆನೆಯಬೇಕು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಸಂಭಾಷಣೆ ಹಿಡಿಯುತ್ತಿದ್ದರು. ಹಾಸ್ಯ ನಿಂತಿರುವುದೇ ಟೈಮಿಂಗ್ ಮೇಲೆ ಅನ್ನುತ್ತೀರಿ. ಕಿವಿ ಕೇಳದೆ ಆ ಟೈಮಿಂಗ್ ಸಾಧಿಸಿದವರನ್ನು ಯಾವ ಹೀರೋ ಜೊತೆ ಅಳೆಯುತ್ತೀರಿ?

ಪ್ರೊಡಕ್ಷನ್ ಕಡೆಯವನು
ಗೌರವದ ಮಾತು ಒಪ್ಪುತ್ತೇನೆ ಸರ್. ಆದರೆ ನಾನು ಸೆಟ್‌ನಲ್ಲಿ ಲೆಕ್ಕ ಬರೆಯುವವನು. ಸಣ್ಣ ಹಾಸ್ಯನಟರಿಗೆ ದಿನದ ಲೆಕ್ಕದಲ್ಲಿ ದುಡ್ಡು, ಹೀರೋಗೆ ಇಡೀ ಸಿನಿಮಾಕ್ಕೆ. ಎಡಿಟಿಂಗ್‌ನಲ್ಲಿ ಉದ್ದ ಆಯ್ತು ಅಂದರೆ ಮೊದಲು ಕತ್ತರಿ ಬೀಳುವುದು ಕಾಮಿಡಿ ಟ್ರ್ಯಾಕ್‌ಗೆ. ಇದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಹೇಳುವುದು, ಮುಂದೆ ಹೋಗಲೇಬೇಕು.

ದ್ವಾರಕೀಶ್ ಅವರನ್ನು ನೋಡಿ. ಹುಣಸೂರಿನವರು, ಮೈಸೂರಿನಲ್ಲಿ ವಾಹನದ ಬಿಡಿಭಾಗಗಳ ವ್ಯಾಪಾರ ಮಾಡುತ್ತಿದ್ದರು. ಹಾಸ್ಯನಟರಾಗಿ ಬಂದವರು ಸುಮ್ನೆ ಕೂರಲಿಲ್ಲ. 1969ರಲ್ಲಿ ಮೇಯರ್ ಮುತ್ತಣ್ಣ ನಿರ್ಮಿಸಿದರು. 1978ರಲ್ಲಿ ಸಿಂಗಾಪುರಕ್ಕೆ ಹೋಗಿ ಚಿತ್ರೀಕರಣ ಮಾಡಿ ಬಂದರು. ಆಗ ಕನ್ನಡದವರು ಹೊರದೇಶದಲ್ಲಿ ಶೂಟಿಂಗ್ ಅಂದರೆ ನಂಬುತ್ತಿರಲಿಲ್ಲ. ಸಾಲು ಸಾಲು ನಷ್ಟ ತಿಂದರು. 2004ರಲ್ಲಿ ಆಪ್ತಮಿತ್ರ ಕೈ ಹಿಡಿಯಿತು. ಅವರು ಬರೀ ಕಾಲ್‌ಶೀಟ್ ಕೊಟ್ಟುಕೊಂಡು ಇದ್ದಿದ್ದರೆ ಇದೆಲ್ಲ ಆಗುತ್ತಿತ್ತಾ? 2012ರ ರ‍್ಯಾಂಬೋದಿಂದ ಶರಣ್ ಅವರೂ ನಾಯಕರಾಗಿ ಗೆದ್ದರಲ್ವಾ?

ಕಂಪನಿ ಹಾಸ್ಯಗಾರ
ದ್ವಾರಕೀಶ್ ಅವರ ಹೆಸರು ತೆಗೆದದ್ದು ಒಳ್ಳೆಯದಾಯಿತು. ಮೇಯರ್ ಮುತ್ತಣ್ಣಕ್ಕೆ ದುಡ್ಡು ಹಾಕಿದವರು ಅವರು, ಆದರೆ ನಾಯಕ ರಾಜ್‌ಕುಮಾರ್. ಆಪ್ತಮಿತ್ರದಲ್ಲಿ ನಾಯಕ ವಿಷ್ಣುವರ್ಧನ್. ಬೇಕಿದ್ದಾಗ ತಾವೂ ನಾಯಕರಾದರು, ನಿಜ. ಆದರೆ ದುಡ್ಡು ತಮ್ಮದೇ ಇದ್ದಾಗಲೂ ಎಷ್ಟೋ ಸಲ ಪಕ್ಕದಲ್ಲಿ ನಿಂತು ನಗಿಸಿದರು. ಸೋತ ಕಥೆಯನ್ನೂ ಮುಚ್ಚಿಡದೆ ಸಂದರ್ಶನಗಳಲ್ಲಿ ಹೇಳಿಕೊಂಡರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯ ಜನ ಮೊದಲು ಮಾತಾಡಿದ್ದು ಆ ಕುಳ್ಳನ ನಡಿಗೆ ಬಗ್ಗೆ.

ದುಡ್ಡಿನ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ದಿನದ ಲೆಕ್ಕದ ಪಾಡು ನನಗೂ ಗೊತ್ತು. ಆ ಲೆಕ್ಕ ಬದಲಾಗಬೇಕು. ಅದಕ್ಕೆ ನಾನು ಹೀರೋ ಆಗಬೇಕಾ?

ರಂಗದಕ್ಕ
ಇಲ್ಲಿಯವರೆಗೆ ಬರೀ ಗಂಡಸರ ಹೆಸರೇ ಬಂತು. ಉಮಾಶ್ರೀ ಅವರನ್ನು ಹೇಗೆ ಮರೆತಿರಿ? ಒಡಲಾಳದ ಸಾಕವ್ವನಾಗಿ ರಂಗದ ಮೇಲೆ ಅವರನ್ನು ನೋಡಿದವರು ಆ ಅಜ್ಜಿಯನ್ನು ಮರೆಯುವುದಿಲ್ಲ. ಅಂಥ ನಟಿಗೆ ಸಿನಿಮಾದವರು ಕೊಟ್ಟಿದ್ದು ಏನು? ವರ್ಷಾನುಗಟ್ಟಲೆ ದ್ವಂದ್ವಾರ್ಥದ ಕಾಮಿಡಿ. ಹೆಸರು ಬಂತು, ಮನೆ ನಡೆಯಿತು. ಆದರೆ ಆ ಹೆಸರೇ ಅವರ ಸುತ್ತ ಬೇಲಿ ಹಾಕಿತು. 2008ರ ಗುಲಾಬಿ ಟಾಕೀಸ್‌ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಜನ ಅವರನ್ನು ಹೊಸದಾಗಿ ನೋಡಿದರು. 2013ರಲ್ಲಿ ಮಂತ್ರಿಯೂ ಆದರು. ಸಾಕವ್ವನನ್ನು ಕಂಡಿದ್ದ ನಮಗೆ ಅದರಲ್ಲಿ ಆಶ್ಚರ್ಯ ಇರಲಿಲ್ಲ.

ಹಾಸ್ಯಗಾರ ಅಣ್ಣನಿಗೆ ಒಂದು ನೇರ ಪ್ರಶ್ನೆ. ನಿಮ್ಮ ಪರದೆ ಮುಂದಿನ ಹಾಸ್ಯದಲ್ಲಿ ಹೆಂಡತಿಯ ದಪ್ಪ, ಅತ್ತಿಗೆಯ ಬಣ್ಣ ಇವಕ್ಕೆ ಎಷ್ಟು ಪಾಲು? ಗೌರವ ಕೇಳುವ ಮೊದಲು ಇದಕ್ಕೂ ಉತ್ತರ ಬೇಕು.

ಕಲ್ಪತರು ನಾಡಿನವ
ಅಕ್ಕಾ, ಅದು ಆ ಕಾಲದ ಅಭಿರುಚಿ. ಹೊಟ್ಟೆಪಾಡಿನವರನ್ನು ಕೇಳಿ ಏನು ಪ್ರಯೋಜನ?

ಕಂಪನಿ ಹಾಸ್ಯಗಾರ
ಇಲ್ಲ ಅಣ್ಣಾ, ಅವರು ಕೇಳಿದ್ದು ಸರಿಯಾಗಿದೆ. ನನ್ನ ಬಳಿ ಹೆಂಡತಿಯ ದಪ್ಪದ ಮೇಲೆ ಹತ್ತು ನಿಮಿಷದ ಐಟಂ ಇತ್ತು. ಎಲ್ಲಿ ಮಾಡಿದರೂ ಚಪ್ಪಾಳೆ. ಒಂದು ಗಣೇಶೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಅಮ್ಮ, ಮಗಳು ಕೂತಿದ್ದರು. ಮಗಳಿಗೆ ಎಂಟೊಂಬತ್ತು ವರ್ಷ. ಇಡೀ ಪೆಂಡಾಲ್ ನಗುತ್ತಿತ್ತು. ಆ ಮಗು ನಗಲಿಲ್ಲ. ಮೆಲ್ಲಗೆ ಅಮ್ಮನ ಮುಖ ನೋಡಿತು. ಆ ತಾಯಿ ಸೆರಗು ಎಳೆದು ಹೊಟ್ಟೆಯ ಮೇಲೆ ಹಾಕಿಕೊಂಡರು. ನನ್ನ ಬಾಯಿಗೆ ಮುಂದಿನ ಸಾಲು ಬರಲಿಲ್ಲ. ಅವತ್ತಿನಿಂದ ಆ ಐಟಂ ಮಾಡಿಲ್ಲ. ಅದರ ಜಾಗ ತುಂಬುವುದಕ್ಕೆ ಎರಡು ವರ್ಷ ಬೇಕಾಯಿತು. ಆಗಲೇ ಅರ್ಥವಾಗಿದ್ದು, ಅಲ್ಲಿಯವರೆಗೆ ನಾನು ಎಷ್ಟು ಸುಲಭದ ದಾರಿ ಹಿಡಿದಿದ್ದೆ ಅಂತ.

ರಂಗದಕ್ಕ
ಹೇಳಿದ್ದಕ್ಕೆ ನಮಸ್ಕಾರ ಅಣ್ಣಾ.

ಮೈಕ್ ಹುಡುಗ
ನಾನು ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡಪ್ ಮಾಡುತ್ತೇನೆ, ಬಂದು ನಾಲ್ಕು ವರ್ಷ. ನನ್ನ ತಲೆನೋವು ಬೇರೆ. ಒಂದು ರೀಲ್ ಓಡಿತು, ಜನ ಗುರುತು ಹಿಡಿಯತೊಡಗಿದರು. ಈಗ ಅದೇ ಜೋಕ್ ವೇದಿಕೆ ಮೇಲೆ ಶುರು ಮಾಡಿದರೆ ಕೊನೆಯ ಸಾಲನ್ನು ಪ್ರೇಕ್ಷಕರೇ ಹೇಳಿಬಿಡುತ್ತಾರೆ. ಗೊತ್ತಿರುವ ಹಾಡನ್ನು ಜನ ಮತ್ತೆ ಕೇಳುತ್ತಾರೆ. ಗೊತ್ತಿರುವ ಜೋಕಿಗೆ ನಗು ಅರ್ಧಕ್ಕೆ ಇಳಿಯುತ್ತದೆ. ಒಂದು ತಾಸಿನ ಶೋ ಕಟ್ಟಲು ನನಗೆ ಒಂದು ವರ್ಷ ಬೇಕು, ಫೋನಿನಲ್ಲಿ ಅದು ಒಂದು ವಾರಕ್ಕೆ ಹಳೆಯದಾಗುತ್ತದೆ. ನೀವು ಒಂದೇ ನಾಟಕವನ್ನು ವರ್ಷಗಟ್ಟಲೆ ಹೇಗೆ ಆಡಿದಿರಿ ಸರ್?

ಕಲ್ಪತರು ನಾಡಿನವ
ಮಾಸ್ಟರ್ ಹಿರಣ್ಣಯ್ಯನವರ ಲಂಚಾವತಾರ ನೋಡಿ ತಮ್ಮಾ. ದಶಕಗಟ್ಟಲೆ ಅದೇ ನಾಟಕ. ನಮ್ಮಪ್ಪ ನಾಲ್ಕು ಸಲ ನೋಡಿದ್ದರು. ಕಥೆ ಬಾಯಿಪಾಠ, ಆದರೂ ಹೋಗುತ್ತಿದ್ದರು. ಯಾಕೆ ಅಂದರೆ ಬೆಳಗಿನ ಪೇಪರಿನ ಸುದ್ದಿ ಸಂಜೆ ನಾಟಕದೊಳಗೆ ಬಂದಿರುತ್ತಿತ್ತು. ಯಾವ ಪಕ್ಷದವರಾದರೂ ಬಿಡುತ್ತಿರಲಿಲ್ಲ. 2019ರಲ್ಲಿ ಹೋಗಿಬಿಟ್ಟರು.

ಕಂಪನಿ ಹಾಸ್ಯಗಾರ
ಸರಿಯಾಗಿ ಹೇಳಿದಿರಿ. ನಮ್ಮ ಕಂಪನಿಯಲ್ಲೂ ಹೊಸ ಊರಿಗೆ ಕ್ಯಾಂಪ್ ಹೋದರೆ ನಾನು ಮೊದಲ ದಿನ ಸಂತೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಬಸ್ ಬರುತ್ತಾ, ನೀರು ಎಷ್ಟು ದಿನಕ್ಕೊಮ್ಮೆ, ಜಗಳ ಯಾವ ಕಟ್ಟೆಯ ಮೇಲೆ, ಎಲ್ಲ ಕೇಳಿಕೊಂಡು ಬರುತ್ತಿದ್ದೆ. ರಾತ್ರಿ ಅದೇ ನನ್ನ ಮಾತಾಗುತ್ತಿತ್ತು.

ತಮ್ಮಾ, ಹೆಸರಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಟಿವಿಗೆ ಬಂದ ಮೇಲೆ ನಾನು ವೇದಿಕೆ ಹತ್ತಿದ ಕೂಡಲೇ, ಬಾಯಿ ತೆರೆಯುವ ಮೊದಲೇ ಜನ ನಗತೊಡಗಿದರು. ಖುಷಿಯಾಯಿತು. ಆರು ತಿಂಗಳಲ್ಲಿ ನನ್ನ ತಯಾರಿ ಅರ್ಧಕ್ಕೆ ಇಳಿದಿತ್ತು. ಇನ್ನೊಂದು ಕಡೆ, ನಮ್ಮ ದೊಡ್ಡಪ್ಪನ ಹನ್ನೊಂದನೇ ದಿನ ಪಂಕ್ತಿಯಲ್ಲಿ ಕೂತಿದ್ದಾಗ ಒಬ್ಬರು "ಎಲ್ಲರೂ ಬೇಜಾರಲ್ಲಿದ್ದಾರೆ, ಒಂದು ಮಿಮಿಕ್ರಿ ಮಾಡಪ್ಪ" ಅಂದರು. ಎಲೆ ಮುಂದೆ ಕೈ ನಿಂತುಹೋಯಿತು. ನನ್ನನ್ನು ಬೆಳೆಸಿದ ದೊಡ್ಡಪ್ಪ ಅವರು.

ಪ್ರೊಡಕ್ಷನ್ ಕಡೆಯವನು
ಸರ್, ಓದಿ ಮನಸ್ಸಿಗೆ ಕಷ್ಟವಾಯಿತು. ನನ್ನ ಅಭಿಪ್ರಾಯ ಬದಲಾಗಿಲ್ಲ, ದುಡ್ಡು ಹೀರೋ ಹತ್ತಿರವೇ ಇದೆ. ಆದರೆ ನನ್ನ ಕೈಲಾಗುವ ಒಂದು ಕೆಲಸ ಇದೆ. ನಮ್ಮ ಮುಂದಿನ ಸಿನಿಮಾದಲ್ಲಿ ಹಾಸ್ಯ ಕಲಾವಿದರಿಗೂ ಇಡೀ ಪಾತ್ರಕ್ಕೆ ಅಂತ ಮಾತಾಡಿಸಿ, ಪತ್ರ ಬರೆಸಿಕೊಡುತ್ತೇನೆ. ಪೋಸ್ಟರ್‌ನಲ್ಲಿ ಯಾರ ಮುಖ ಬರಬೇಕು ಅನ್ನುವುದು ಮಾತ್ರ ನನ್ನ ಕೈಯಲ್ಲಿಲ್ಲ.

ಕಂಪನಿ ಹಾಸ್ಯಗಾರ
ಅಷ್ಟು ಮಾಡಿ, ಸಾಕು.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಹಳೇ ಕಂಪನಿಯವರು ಎರಡು ವಾರಕ್ಕೆ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಮಾವನನ್ನೂ ಕರೆದುಕೊಂಡು ಹೋಗುತ್ತೇನೆ. ಒಂದು ರಾತ್ರಿ ಅವರನ್ನು ಪರದೆಯ ಹಿಂದೆ, ಮೊಳೆ ಹೊಡೆಯುವವರ ಪಕ್ಕ ಕೂರಿಸಬೇಕು.