ಬ್ಯಾಗ್ ತೆಗೆದು 3 ತಿಂಗಳಾಯಿತು, ಇನ್ನೂ ಬಾತ್‌ರೂಮ್ ಬಿಟ್ಟು ದೂರ ಹೋಗಲು ಆಗುತ್ತಿಲ್ಲ

ಬೆಣ್ಣೆದೋಸೆ_31:
ನನಗೆ 31. ಹೋದ ವರ್ಷ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಯಿತು, ಸ್ಟೇಜ್ 3. ಅದಕ್ಕೆ ಮೊದಲು 8 ತಿಂಗಳು ರಕ್ತ ಹೋಗುತ್ತಿತ್ತು. ಪೈಲ್ಸ್ ಇರಬೇಕು ಅಂತ ಮುಲಾಮು ಹಚ್ಚಿಕೊಂಡು, ಮೂಲಂಗಿ ರಸ ಕುಡಿದುಕೊಂಡು ಕಾಲ ಕಳೆದೆ. ಈ ವಯಸ್ಸಿಗೆ ಇನ್ನೇನಿರುತ್ತೆ ಅಂತ ಡಾಕ್ಟರೂ ಪರೀಕ್ಷೆ ಮಾಡಲಿಲ್ಲ. ರೇಡಿಯೇಷನ್, ಆಪರೇಷನ್, ಕೀಮೋ ಎಲ್ಲ ಮುಗಿದು ಮಲ ಹೋಗಲು ಹೊಟ್ಟೆ ಮೇಲೆ ಇಟ್ಟಿದ್ದ ಬ್ಯಾಗನ್ನೂ ತೆಗೆದರು.

ನೆಂಟರೆಲ್ಲ "ಸದ್ಯ, ಮುಗೀತಲ್ಲ" ಅನ್ನುತ್ತಾರೆ. ಎಲ್ಲಿ ಮುಗಿದಿದೆ? ದಿನಕ್ಕೆ 10-12 ಸಲ ಹೋಗಬೇಕು, ಹೋಗಿ ಬಂದು ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಅವಸರ, ಅದು ಗ್ಯಾಸೋ ಇನ್ನೊಂದೋ ಅಂತಲೂ ಗೊತ್ತಾಗುವುದಿಲ್ಲ. ಆಫೀಸಿನಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಬೆರಳ ತುದಿ ಜೋಮು ಹಿಡಿದ ಹಾಗಿದೆ, ಅಂಗಿ ಗುಂಡಿ ಹಾಕಲು ಅಮ್ಮನನ್ನು ಕರೆಯುತ್ತೇನೆ. ಇದರ ಮಧ್ಯೆ ಮನೆಯಲ್ಲಿ ಹೆಣ್ಣು ನೋಡುವ ಮಾತು ಬೇರೆ. ಅವರಿಗೆ ಏನಂತ ಹೇಳಲಿ?

ತುಂಗಾತೀರ:
ಇದಕ್ಕೆ ಒಂದು ಹೆಸರಿದೆ, ಲಾರ್ಸ್ ಅನ್ನುತ್ತಾರೆ. ಮಲ ಹಿಡಿದಿಟ್ಟುಕೊಳ್ಳುವ ಜಾಗವನ್ನೇ ಕತ್ತರಿಸಿ ತೆಗೆದಿದ್ದಾರೆ, ಉಳಿದ ಕರುಳಿಗೆ ಆ ಕೆಲಸ ಅಭ್ಯಾಸವಿಲ್ಲ. ರೇಡಿಯೇಷನ್ ಆಗಿದ್ದರೆ ಕಾಟ ಇನ್ನೂ ಜಾಸ್ತಿ. ನನಗೂ ಮೊದಲು ಹೀಗೇ ಇತ್ತು, ಒಂದು ವರ್ಷ ಕಳೆಯುವಷ್ಟರಲ್ಲಿ 4-5 ಸಲಕ್ಕೆ ಇಳಿಯಿತು. ಸರ್ಜನ್ ಹತ್ತಿರ ಲೋಪರಮೈಡ್ (ಭೇದಿ ತಡೆಯುವ ಮಾತ್ರೆ), ಇಸಬ್‌ಗೋಲ್ ಬಗ್ಗೆ ಕೇಳಿ. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಅಂತ ಇರುತ್ತದೆ, ಮಲ ತಡೆಹಿಡಿಯುವ ಸ್ನಾಯುಗಳಿಗೆ ವ್ಯಾಯಾಮ, ಅದನ್ನೂ ಕೇಳಿ, ನೀವು ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ. ಉರಿಗೆ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿ, ಪೇಪರ್ ಮುಟ್ಟಬೇಡಿ, ನೀರೇ ಸಾಕು.

ನನಗೆ ರೇಡಿಯೇಷನ್ ಆದ ಮೇಲೆ 34ಕ್ಕೇ ಮುಟ್ಟು ನಿಂತಿತು. "ಜೀವ ಉಳಿಯಿತಲ್ಲ, ಅದೇನು ದೊಡ್ಡದು" ಅಂದರು ಅತ್ತೆ. ದೊಡ್ಡದೇ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಫ್ರಿಜ್_ಮುಟ್ಟಲ್ಲ:
ನನಗೆ 27, ಕರುಳಿನ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದೆ. ಆಕ್ಸಾಲಿಪ್ಲಾಟಿನ್ ಹಾಕಿದ ವಾರ ತಣ್ಣನೆ ಸ್ಟೀಲ್ ಲೋಟ ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ, ಮಾಮೂಲಿ ನೀರು ಕುಡಿದರೂ ಗಂಟಲಿಗೆ ಮುಳ್ಳು ಚುಚ್ಚಿದ ಹಾಗೆ. ಮೊನ್ನೆ ವಾರ್ಡಿಗೆ ಹೋದರೆ ಹೊಸ ಸಿಸ್ಟರ್ ನನ್ನನ್ನು "ಅಟೆಂಡರ್ ಹೊರಗೆ ಕೂತಿರಿ" ಅಂತ ಕಳಿಸಿ ಅಪ್ಪನ ಕೈ ಹಿಡಿದು ನರ ಹುಡುಕಲು ಶುರು ಮಾಡಿದರು. ಅಪ್ಪನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕೀಮೋ ನಿಂತ ಮೇಲೂ ಜೋಮು ಹೋಗುವುದಿಲ್ವಾ?

ತುಂಗಾತೀರ:
ನಿಂತ ಮೇಲೆ ಕೆಲವು ತಿಂಗಳು ಜಾಸ್ತಿಯೂ ಆಗಬಹುದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಈಗಲೇ ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡುತ್ತಾರೆ. ಸಹಿಸಿಕೊಂಡು ಸುಮ್ನೆ ಇರಬೇಡಿ.

ನೇರಮಾತು:
ಮದುವೆ ವಿಷಯಕ್ಕೆ ಬಂದರೆ, ಹುಡುಗಿ ಮನೆಯವರಿಗೆ ಯಾಕೆ ಹೇಳಬೇಕು? ಹಾಲಿವುಡ್ ನಟ ಚಾಡ್ವಿಕ್ ಬೋಸ್‌ಮನ್‌ಗೆ 2016ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗೊತ್ತಾಗಿತ್ತು. 2020ರಲ್ಲಿ, 43ನೇ ವಯಸ್ಸಿಗೆ ತೀರಿಹೋಗುವವರೆಗೂ ಹೊರಗೆ ಬಿಟ್ಟುಕೊಡಲಿಲ್ಲ, ಸಿನಿಮಾ ಮಾಡುತ್ತಲೇ ಇದ್ದರು.

ಅಡಿಕೆತೋಟ:
@ನೇರಮಾತು, ಅವರು ಮುಚ್ಚಿಟ್ಟಿದ್ದು ಊರಿಗೆ, ಮನೆಗಲ್ಲ. ಕೊನೆಗೆ ಹೆಂಡತಿ, ಮನೆಯವರು ಪಕ್ಕದಲ್ಲೇ ಇದ್ದರು. ನನ್ನ ಗಂಡನಿಗೂ ಇದೇ ಆಗಿತ್ತು, ಮದುವೆಗೆ ಮೊದಲೇ. ಹೋಟೆಲಿನಲ್ಲಿ ಮೊದಲ ಸಲ ಸಿಕ್ಕಾಗ ಕಾಫಿ ಆರಿಹೋಗುವವರೆಗೂ ಎಲ್ಲ ಹೇಳಿದರು, ಬ್ಯಾಗ್ ಇದ್ದಿದ್ದು, ರೇಡಿಯೇಷನ್‌ಗೆ ಮೊದಲು ವೀರ್ಯ ಶೇಖರಿಸಿ ಇಟ್ಟಿದ್ದು, ಎಲ್ಲ. ನನ್ನ ಅಪ್ಪ ಒಪ್ಪಲು ಒಂದು ವರ್ಷ ಬೇಕಾಯಿತು, ಅದು ಬೇರೆ ಕತೆ. ಆಮೇಲೆ ಗೊತ್ತಾಗಿದ್ದರೆ ಕಾಯಿಲೆಗಲ್ಲ, ಸುಳ್ಳಿಗೆ ಬಿಟ್ಟು ಹೋಗುತ್ತಿದ್ದೆ.

ಇನ್ನೊಂದು, ನಿಮಗೆ ಅಣ್ಣ ತಮ್ಮ ಇದ್ದಾರಾ? ಇದ್ದರೆ ಅವರಿಗೂ ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಆಗಬೇಕು. 40ಕ್ಕೆ, ಇಲ್ಲವೇ ನಿಮಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಅದು.

ಬೆಣ್ಣೆದೋಸೆ_31:
ತಮ್ಮನಿಗೆ 28. ಅಂದರೆ 8 ವರ್ಷ ತಡವಾಗಿದೆ. ಈ ವಾರವೇ ಕರೆದುಕೊಂಡು ಹೋಗುತ್ತೇನೆ. ಪರೀಕ್ಷೆಗೆ ಕರುಳು ಖಾಲಿ ಮಾಡಲು ಹಿಂದಿನ ರಾತ್ರಿ ಕುಡಿಸುತ್ತಾರಲ್ಲ, ಆ ಪುಡಿ ಕಲಸಿದ ನೀರು, ಅದರ ರುಚಿ ಮಾತ್ರ ಅವನಿಗೆ ಈಗಲೇ ಹೇಳಲ್ಲ.